ಮೂರನೆಯ ಕುರಿ ಯಾರದು

ಮನೆಯ ಕುರಿಹಿಂಡು ಪಾಲು ಮಾಡುವಾಗ ಮರೆಪ್ಪ ಮೂರನೆಯ ಕುರಿಯ ಹಿಂಗಾಲು ಹಿಡಿದು ಎಳೆದ ಕೂಡಲೇ, ತೀರಿಹೋದ ತಮ್ಮನ ಹೆಂಡತಿ ಲಕ್ಷ್ಮಿಬಾಯಿ ಅದರ ಕುತ್ತಿಗೆ ತಬ್ಬಿಕೊಂಡಳು.

"ಬಿಡ್ರಿ ಭಾವಾ, ಇದು ನಂದು."

"ನಾ ಒಂದು ಆರಿಸಿದೆ, ನೀ ಒಂದು ಆರಿಸಿದಿ. ಈಗ ನನ್ನ ಪಾಳಿ."

"ಹೌದ್ರಿ. ಪ್ರತಿ ಸಲ ಚಲೋದು ನಿಮಗ, ಉಳಿದದ್ದು ನಮಗ."

ನಾರಾಯಣಖೇಡದ ಕಾಲೇಜಿಗೆ ಹೋಗುವ ಅವಳ ಮಗಳು ಸ್ವಾತಿ ಕಡ್ಡಿಯಿಂದ ನೆಲದ ಮೇಲೆ 0, 1, 10, 11 ಎಂದು ಬರೆದಳು. "ದೊಡ್ಡಪ್ಪ, ಸೊನ್ನಿ, ಒಂದು, ಎರಡು, ಮೂರು, ಇವನ್ನ ಕಂಪ್ಯೂಟರ್ ಹಿಂಗ ಬರೀತದ. ಪಾಳಿನೂ ಸೊನ್ನಿಯಿಂದ ಎಣಿಸಿ, ಒಂದೊಂದರಾಗ 1 ಎಷ್ಟು ಅವ ನೋಡ್ರಿ. ಬೆಸ ಇದ್ರ ನಮ್ಮ ಪಾಳಿ, ಇಲ್ಲಂದ್ರ ನಿಮ್ಮದು. ನೀವು, ನಾವು, ನಾವು, ನೀವು. ಹಿಂಗ ಮುಂದ ಹೋದ್ರ ಯಾರಿಗೂ ಮೋಸ ಆಗಂಗಿಲ್ಲ."

"ಕುರಿಗೆ ಲೆಕ್ಕ ಕಲಿಸಾಕ ಬಂದಾಳ," ಎಂದು ಮರೆಪ್ಪ ಅಂಕಿಗಳನ್ನು ಚಪ್ಪಲಿಯಿಂದ ಒರೆಸಿದ. "ಒಬ್ಬರಾದ ಮ್ಯಾಲ ಒಬ್ಬರು ಆರಿಸೋದ್ರಾಗ ಏನು ಮೋಸ ಅದ?"

ಲಕ್ಷ್ಮಿಬಾಯಿ ಕುರಿಯನ್ನು ಬಿಟ್ಟು ಎದ್ದು ನಿಂತಳು.

"ಇಲ್ಲಂತೀರಲ್ಲ, ಹಂಗಾದ್ರ ಆರಿಸಿದ್ದೆಲ್ಲ ಹಿಂಡಿಗೆ ಬಿಡ್ರಿ. ಮೊದಲಿಂದ ಶುರು ಮಾಡೋಣು. ಮೊದಲ ಪಾಳಿ ನಂದು."

ಮರೆಪ್ಪ ತಾನು ಮೊದಲು ಆರಿಸಿ ಗೂಟಕ್ಕೆ ಕಟ್ಟಿದ್ದ ಕರಿ ಟಗರಿನ ಕಡೆ ನೋಡಿದ. ಕುರಿಯ ಕಾಲು ಕೈಬಿಟ್ಟ. ಸಿಟ್ಟಿಳಿಯದ ದನಿಯಲ್ಲೇ ಸ್ವಾತಿಗೆ ಹೇಳಿದ:

"ಹ್ಯಾಂಗಂದಿ? ಇನ್ನೊಮ್ಮೆ ಬರಿ."