ಹನ್ನೆರಡನೇ ಬೆಡ್ಡಿನವರು

ಆಸ್ಪತ್ರೆಯ ಹಳೆಯ ಸಮಾಧಿ ನೆಲಕ್ಕೆ ನಾಳೆ ಕಾಂಕ್ರೀಟು ಬೀಳುತ್ತದೆ. ಹೆಸರು ಹಿಡಿದು ಕರೆದಾಗ ಮಣ್ಣಿನೊಳಗಿನಿಂದ ಓಗೊಟ್ಟವರನ್ನು ಮಾತ್ರ ಅಗೆದು ಚರ್ಚಿನಂಗಳಕ್ಕೆ ಒಯ್ಯುವುದು ಊರಿನ ರೂಢಿ.

ಆಸ್ಪತ್ರೆಯಲ್ಲಿ ಆಯಾ ಆಗಿದ್ದ ರೆಜಿನಮ್ಮ ಬಂದದ್ದು ಒಬ್ಬ ಅಜ್ಜಿಗಾಗಿ. ಅಜ್ಜಿ ಸಾಯುವಾಗ ಕೈ ಹಿಡಿದು ಕೂತಿದ್ದಳು, ಹೆಸರು ಮಾತ್ರ ಕೇಳಿರಲಿಲ್ಲ.

"ಹೆಸ್ರಿಲ್ದೆ ಏನಂತ ಕರೀತೀರಕ್ಕಾ?" ಎಂದ ಗುಂಡಿ ತೋಡುವ ಚೌರಪ್ಪ.

"ವಾರ್ಡಲ್ಲಿ ಕರೀತಿದ್ದ ಹಾಗೇ ಕಣಪ್ಪ." ಅವಳು ಬಗ್ಗಿ ಕೂಗಿದಳು: "ಹನ್ನೆರಡನೇ ಬೆಡ್ಡು!"

"ಓ" ಎಂದಿತು ಕಾಲಬುಡದ ಮಣ್ಣು. "ಓ" ಎಂದಿತು ಬೇಲಿಯಂಚು. ಆ ಬೆಡ್ಡಿನಲ್ಲಿ ಸತ್ತವರೆಲ್ಲ ನೆಲದುದ್ದಕ್ಕೂ ಓಗೊಟ್ಟರು.

"ಇನ್ನೊಂದು ಗುಂಡಿಗಷ್ಟೇ ಹೊತ್ತಿರೋದು. ಇವರಲ್ಲಿ ನಿಮ್ಮಜ್ಜಿ ಯಾರಕ್ಕಾ?"

ರೆಜಿನಮ್ಮನಿಗೆ ಒಂದು ದನಿಯೂ ಗುರುತು ಹತ್ತಲಿಲ್ಲ. ಅವಳು ತನ್ನನ್ನೇ ಅಗೆಸಿ ಒಯ್ಯುತ್ತಾಳೆಂದು ಮಣ್ಣಿನೊಳಗೆ ಒಬ್ಬೊಬ್ಬರೂ ಓಗೊಡುವುದು ನಿಲ್ಲಿಸಿ ಕಾದರು.