ಸೂಜಿ ಹೇಳಿದ ಮಾತು

ಟಿಕೋಟಾದ ಬಸಗೊಂಡಪ್ಪ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಕೈಯಲ್ಲಿದ್ದ ಫೋಟೋವನ್ನು ಇನ್ನೊಮ್ಮೆ ಬಾಗಿಲ ಕಡೆ ತಿರುಗಿಸಿ ನೋಡಿ, ಮೇಜಿನ ಮೇಲೆ ಮೆಲ್ಲಗೆ ಇಟ್ಟ. ಸೀರೆಯ ಅಂಚಿತ್ತು, ಕುರ್ಚಿಯ ಕೆತ್ತನೆಯಿತ್ತು. ಮುಖವಿರಬೇಕಾದಲ್ಲಿ ಸುಣ್ಣ ಬಳಿದ ಗೋಡೆಯಂಥ ಬಿಳುಪು.

"ಇನ್ನೊಮ್ಮೆ ತಗೀತೀನ್ರಿ. ಅವ್ವನ್ನ ಕರ್ಕೊಂಡ ಬರ್ರಿ," ಎಂದ ಫೋಟೋಗ್ರಾಫರ್ ಅಮರಪ್ಪ.

"ಅವ್ವ ಹೋಗಿ ಎಂಟ ದಿನ ಆತ್ರಿ. ಇರ್ಲಿ ಬಿಡ್ರಿ."

ಅವನು ಹೋದ ಮೇಲೆ ಅಮರಪ್ಪ ಕುಳಿತಲ್ಲೇ ಕುಳಿತಿದ್ದ. ಬಿಜಾಪುರದ ಚೌಕದ ಹಿಂದಿನ ಓಣಿಯಲ್ಲಿ ಸ್ಟುಡಿಯೋ ಇಟ್ಟು ಇಪ್ಪತ್ತಾರು ವರ್ಷ. ಗಾಜಿನ ಮಾಡಿನಿಂದ ಇಳಿಯುವ ಬೆಳಕನ್ನು ಕಣ್ಣಲ್ಲೇ ಅಳೆದು, ಕ್ಯಾಮೆರಾದ ಬಾಯಿ ಎಷ್ಟು ಹೊತ್ತು ತೆರೆದಿಡಬೇಕೆಂದು ನಿರ್ಧರಿಸುತ್ತಿದ್ದ. ತಪ್ಪಿದ್ದೇ ಇಲ್ಲ. ಆದರೆ ಈ ನಾಲ್ಕು ತಿಂಗಳಲ್ಲಿ ಹನ್ನೊಂದು ಚಿತ್ರಗಳು ಹೀಗೆ ಬೆಳ್ಳಗಾಗಿದ್ದವು. ಕಾರಣ ಅವನಿಗೆ ಗೊತ್ತಿತ್ತು. ಅರವತ್ತರ ಕಣ್ಣಿಗೆ ಲೋಕ ಮಂಕಾಗುತ್ತದೆ. ಬೆಳಕು ಸಾಲದೆಂದು ಬಗೆದು ಅವನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆರೆದಿಡುತ್ತಿದ್ದಾನೆ. ಇನ್ನೇನಿರಲು ಸಾಧ್ಯ?

ಹೆಂಡತಿ ನೀಲಾಬಾಯಿ ಕತ್ತಲಕೋಣೆಯಿಂದ ಹೊರಬಂದಳು. ಫೋಟೋದ ಗಾಜಿನ ಪ್ಲೇಟು ತೊಳೆಯುವ ಕೆಲಸ ಮೊದಲಿನಿಂದಲೂ ಅವಳದು. ಔಷಧದ ನೀರಿನಲ್ಲಿ ಚಿತ್ರ ಮೂಡುವುದನ್ನು ಕೆಂಪು ದೀಪದಡಿ ನೋಡುತ್ತ ನಿಂತು, ಸಾಕೆನಿಸಿದಾಗ ಎತ್ತುವಳು. ಆ ಔಷಧದ ವಾಸನೆಗೆ ಅಮರಪ್ಪನಿಗೆ ಉಸಿರು ಕಟ್ಟುತ್ತಿತ್ತು. ಅವನು ಅಲ್ಲಿಗೆ ಕಾಲಿಡುತ್ತಿರಲಿಲ್ಲ.

"ಯಾರ್ರಿ ಕುಂತವರು?" ಎಂದಳು.

"ನಾನಽ."

ಕತ್ತಲಿಂದ ಬೆಳಕಿಗೆ ಬಂದವರ ಕಣ್ಣು ಹೊಂದಲು ಸ್ವಲ್ಪ ಹೊತ್ತು ಬೇಕಾಗುತ್ತದೆ.

"ಯಲಗೂರಪ್ಪನ ಹಂತ್ಯಾಕ ಹೋಗಿ ಬರ್ತೀನಿ. ಬೆಳಕ ಅಳಿಯೂ ಮೀಟರ್ ತಂದಾನಂತ."

ನೀಲಾಬಾಯಿಯ ಮುಖ ಸಪ್ಪಗಾಯಿತು. "ಅದ್ಯಾಕ ಬೇಕ್ರಿ? ಕಣ್ಣಿನ ತಪ್ಪ ಯಂತ್ರ ತಿದ್ದತೈತೇನು?"

ಮಾತು ಚುಚ್ಚಿತು. ಅವಳು ತಂಬಿಗೆಯಿಂದ ನೀರು ಬಗ್ಗಿಸಿಕೊಟ್ಟಳು. ಅರ್ಧ ನೀರು ಲೋಟದ ಆಚೆಗೇ ಚೆಲ್ಲಿತು. ಪಾಪ, ಇವಳೂ ದಣಿದಿದ್ದಾಳೆ ಎಂದುಕೊಂಡ ಅಮರಪ್ಪ.

ಯಲಗೂರಪ್ಪ ಯುದ್ಧದ ಕಾಲದಲ್ಲಿ ಪುಣೆಯ ದಂಡಿನಲ್ಲಿ ಕೆಲಸಕ್ಕಿದ್ದವನು. ಯುದ್ಧ ಮುಗಿದು ವರ್ಷವಾಗಿತ್ತು. ಈಗ ಅಲ್ಲಿಂದ ಕ್ಯಾಮೆರಾ ಸಾಮಾನು ತಂದು ಮಾರುತ್ತಿದ್ದ. ಎರಡು ಮೀಟರ್ ಮುಂದಿಟ್ಟ.

"ಇದು ಕೊಳವಿ. ಕಣ್ಣಿಗೆ ಹಚ್ಚಿ ನೋಡ್ರಿ. ಒಳಗ ಅಂಕಿ ಸಾಲಾಗಿ ಮಬ್ಬಾಗ್ತಾ ಹೋಗ್ತಾವ. ಕಡೀಕ ಕಾಣೂ ಅಂಕಿನಽ ಬೆಳಕಿನ ಅಳತಿ. ಮಂದ ಬೆಳಕಿಗೂ ನಡೀತದ."

"ನೋಡೂ ಕಣ್ಣಽ ಸುಳ್ಳ ಹೇಳಿದ್ರ?"

ಯಲಗೂರಪ್ಪ ಅಂಗೈ ಅಗಲದ ಇನ್ನೊಂದನ್ನು ಅವನ ಕೈಗಿಟ್ಟ. "ಹಂಗಾದ್ರ ಇದು. ಬೆಳಕ ಬಿದ್ರ ಸೂಜಿ ತಾನಽ ಏಳತೈತಿ. ಯಾರ ಕಣ್ಣೂ ಬ್ಯಾಡ."

"ಬೈಲಾಗ ಎದ್ದೀತು. ನನ್ನ ಸ್ಟುಡಿಯೋದಾಗ?"

"ಮುಂದಿನ ಈ ತೂತಿನ ಮುಚ್ಚಳ ತೆಗೀರಿ, ಅಲ್ಲೂ ಏಳತೈತಿ. ಎರಡೂ ಒಯ್ದು ನೋಡ್ರಿ, ಬೇಕಾದ್ದ ಇಟ್ಕೊಳ್ರಿ."

ಅಮರಪ್ಪ ಅದೇ ಮಧ್ಯಾಹ್ನ ಗಾಜಿನ ಮಾಡಿನಡಿ ಪರೀಕ್ಷೆಗೆ ನಿಂತ. ಮೊದಲು ತನ್ನ ಅಂದಾಜನ್ನು ಬಾಯಿಬಿಟ್ಟು ಹೇಳುವುದು, ಆಮೇಲೆ ಮೀಟರ್ ನೋಡುವುದು. ಕೊಳವೆ ಅವನಿಗೆ ಸರಿಹೋಗಲಿಲ್ಲ. ಸೂಜಿ ಸರಿ ಅನಿಸಿತು. ಕುರ್ಚಿಯ ಬಳಿ ಹಿಡಿದ, ಪರದೆಯ ಬಳಿ ಹಿಡಿದ, ಕಿಟಕಿಯ ಮಗ್ಗುಲಲ್ಲಿ ಹಿಡಿದ. ನೋಡಿ ನೋಡಿ ಅವನ ಹಣೆ ಗಂಟಾಯಿತು. ಒಳಗಿನ ಬೆಳಕನ್ನು ನಂಬುವುದು ಹೇಗೆ, ಬಯಲಲ್ಲೂ ಆಗಲಿ ಎಂದುಕೊಂಡ.

ಮರುದಿನ ಬಬಲೇಶ್ವರದಲ್ಲಿ ಒಂದು ಮನೆತನದ ಫೋಟೋ ತೆಗೆಯುವುದಿತ್ತು. ಇದ್ದಿಲಿನ ಹೊಗೆಯಿಂದ ಓಡುವ ಬಸ್ಸು ಕೆಮ್ಮುತ್ತ, ನಿಲ್ಲುತ್ತ ಅವನನ್ನು ಹೊತ್ತೇರಿದ ಮೇಲೆ ಇಳಿಸಿತು. ಮನೆಯವರೆಲ್ಲ ಮಡಿ ಬಟ್ಟೆಯುಟ್ಟು ಕಾದಿದ್ದರು. ಅಮರಪ್ಪ ಕ್ಯಾಮೆರಾ ಬಿಚ್ಚದೆ ಬೇವಿನ ನೆರಳಿಗೆ ಹೋದ, ಬಿಸಿಲಿಗೆ ಬಂದ, ಮಣ್ಣಿನ ಗೋಡೆಗೆ ಬೆನ್ನುಕೊಟ್ಟು ನಿಂತ. ಪ್ರತಿ ಸಲ ತನ್ನಷ್ಟಕ್ಕೆ ಏನೋ ಹೇಳಿಕೊಂಡು ಅಂಗೈ ನೋಡುತ್ತಿದ್ದ.

"ಏನ ನೋಡ್ತಿಯೋ ಯಪ್ಪಾ? ಗಡಿಯಾರಾನ?" ಎಂದಳು ಮನೆಯ ಹಿರಿಯಳು ಲಕ್ಕವ್ವ.

"ಇಲ್ಲವ್ವ. ಕಣ್ಣ ನೋಡಾಕತ್ತೇನಿ."

ಕಡೆಯ ಸಲ ಸೂಜಿ ನೋಡಿದವನು ಹಾಗೇ ಕಟ್ಟೆಯ ಮೇಲೆ ಕುಸಿದು ಕುಳಿತ. ಲಕ್ಕವ್ವ ಮಜ್ಜಿಗೆ ತಂದುಕೊಟ್ಟಳು. ಅವನು ಕುಡಿಯಲಿಲ್ಲ.

"ಇವತ್ತ ಆಗೂದಿಲ್ಲವ್ವ. ಬ್ಯಾರೆಯವರನ್ನ ಕಳಸ್ತೀನಿ. ಸಿಟ್ಟಾಗಬ್ಯಾಡ್ರಿ."

ಊರಿಗೆ ಮರಳಿದವನು ನೇರ ಯಲಗೂರಪ್ಪನಲ್ಲಿಗೆ ಹೋಗಿ ಎರಡೂ ಮೀಟರನ್ನು ಹಿಂದಕ್ಕೆ ಕೊಟ್ಟ.

"ಯಾಕ್ರಿ, ಸೂಜಿ ಸುಳ್ಳ ಹೇಳಿತೇನು?"

"ಇಲ್ಲ. ಖರೇನಽ ಹೇಳ್ತು."

ಸಂಜೆ ಮನೆಗೆ ಬಂದಾಗ ನೀಲಾಬಾಯಿ ಹೊಸ್ತಿಲಲ್ಲೇ ಕುಳಿತಿದ್ದಳು. ಹೆಜ್ಜೆಯ ಸಪ್ಪಳಕ್ಕೆ ಎದ್ದಳು. "ಏನಂತ್ರಿ ನಿಮ್ಮ ಸೂಜಿ?"

ಅಮರಪ್ಪ ಅವಳನ್ನು ಕೂರಿಸಿ ಪಕ್ಕದಲ್ಲಿ ಕುಳಿತ. "ನನ್ನ ಕಣ್ಣ ಹೋಗ್ಯಾವ, ನೀಲಾ. ನೀ ಅಂದದ್ದಽ ಬರೋಬ್ಬರಿ, ಯಂತ್ರದಿಂದ ಏನೂ ಆಗೂದಿಲ್ಲ. ಸ್ಟುಡಿಯೋ ಮುಚ್ಚಿಬಿಡೂಣು."

ಅವಳು ತಿಂಗಳುಗಟ್ಟಲೆ ಹಿಡಿದಿಟ್ಟ ಉಸಿರು ಬಿಟ್ಟವಳಂತೆ ಅತ್ತಳು.

"ಮಂದಿ ನಿಮಗಽ ಅಂತಾರಲ್ರಿ. ಅಮರಪ್ಪನ ಕೈ ಕೆಟ್ಟೈತಿ ಅಂತಾರ."

"ಅನ್ಲಿ ಬಿಡು. ನನಗೂ ಸಾಕಾಗೈತಿ."

ಮುಂದೆ ಯಾರು ಕೇಳಿದರೂ ಅವನು ಅದೇ ಉತ್ತರ ಕೊಟ್ಟ: ವಯಸ್ಸಾತು, ಕಣ್ಣ ಹೋದುವು. ನೀಲಾಬಾಯಿಗೂ ಬೇರೆ ಮಾತು ಹೇಳಲಿಲ್ಲ.

ಸ್ಟುಡಿಯೋದಲ್ಲೂ ಬಬಲೇಶ್ವರದ ಬಿಸಿಲಲ್ಲೂ, ಹಿಡಿದ ಪ್ರತಿ ಸಲವೂ ಸೂಜಿ ಅವನು ಮೊದಲೇ ಹೇಳಿದ್ದ ಅಂಕಿಯ ಮೇಲೆಯೇ ಬಂದು ನಿಂತಿತ್ತು. ಪ್ಲೇಟು ಔಷಧದಲ್ಲಿ ಹೆಚ್ಚು ಹೊತ್ತು ಉಳಿದರೂ ಚಿತ್ರ ಬೆಳ್ಳಗಾಗುತ್ತದೆ. ಕಣ್ಣು ಹೋಗಿದ್ದದ್ದು ಕೆಂಪು ದೀಪದಡಿ ನಿಲ್ಲುವವಳದು.