ಎರಡೇಟು, ಬಿಡುವು, ಒಂದೇಟು

ಒಂದು ಗಳಿಗೆ ಬೆನ್ನು ಚಾಚೋಣ ಎಂದು ಅಡ್ಡಾದವಳಿಗೆ ಎಚ್ಚರವಾದಾಗ ಕಿಟಕಿಯಾಚೆ ಬೆಳ್ಳಗಿನ ಬೆಳಕು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಎದುರಿನ ಗುಡ್ಡ, ಕೊಲ್ಲಿಯ ನೀರು, ಅಂಗಳದಲ್ಲಿ ಬಟ್ಟೆ ಒಣಹಾಕುವ ಹಗ್ಗ, ಎಲ್ಲವನ್ನೂ ಮಂಜು ನುಂಗಿ ಕೂತಿತ್ತು. ಗಂಡನ ದೋಣಿ ಮರಳುವ ಹೊತ್ತು ಮೀರಿತ್ತು. ಅವಳಿನ್ನೂ ಬಡಿದಿರಲಿಲ್ಲ.

ಹೊರಗೆ ಸಮುದ್ರ ಎಷ್ಟೇ ಹಾರಾಡಲಿ, ಕೊಲ್ಲಿಯೊಳಗಿನ ನೀರು ಬಟ್ಟಲಿನಲ್ಲಿ ಎತ್ತಿಟ್ಟ ಹಾಗಿರುತ್ತದೆ. ಕೊಲ್ಲಿಯ ಬಾಯಿ ಮಾತ್ರ ಇಕ್ಕಟ್ಟು, ಎರಡೂ ಬದಿಗೆ ಬಂಡೆ. ಮಂಜು ಕವಿದ ದಿನ ಮನೆಯ ಹೆಂಗಸರು ಬಾಯಿಯ ಪಕ್ಕದ ದಿಣ್ಣೆ ಹತ್ತಿ, ಅಲ್ಲಿ ತೂಗುಹಾಕಿದ ಕಬ್ಬಿಣದ ಪಟ್ಟಿಯನ್ನು ಸುತ್ತಿಗೆಯಿಂದ ಬಡಿಯಬೇಕಿತ್ತು. ಆ ಸದ್ದನ್ನು ಹಿಡಿದು ದೋಣಿಗಳು ಒಳಗೆ ಬರುತ್ತಿದ್ದವು. ಒಂದೊಂದು ಮನೆಗೆ ಒಂದೊಂದು ಬಡಿತ; ಅವಳದು ಎರಡೇಟು, ಬಿಡುವು, ಒಂದೇಟು. ಈಗ ಎಲ್ಲರ ದೋಣಿಗೂ ದಾರಿ ತೋರಿಸುವ ಯಂತ್ರ ಬಂದು, ಉಳಿದವರ ಸುತ್ತಿಗೆಗಳು ಗೋಡೆಗೆ ಮೊಳೆ ಹೊಡೆಯುವ ಕೆಲಸಕ್ಕೆ ಇಳಿದಿದ್ದವು. ಅವಳ ಗಂಡನಿಗೆ ಮಾತ್ರ ಯಂತ್ರವೆಂದರೆ ಆಗದು. ತನ್ನ ಯಂತ್ರ ದಿಣ್ಣೆಯ ಮೇಲೆ ಸೆರಗು ಕಟ್ಟಿಕೊಂಡು ನಿಂತಿರುತ್ತದೆ ಎಂದು ಹತ್ತು ಜನರೆದುರು ಹೇಳಿ ನಗುತ್ತಿದ್ದ. ಆ ಯಂತ್ರಕ್ಕೆ ನಿನ್ನೆ ಬೆಳಿಗ್ಗೆಯಿಡೀ ಬಡಿದು ಭುಜ ಬಾತಿತ್ತು. ಬಾಚಣಿಗೆ ಎತ್ತಲೂ ಆಗುತ್ತಿರಲಿಲ್ಲ. ಅದನ್ನು ಅವನು ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

ದಿಣ್ಣೆಯ ಕಡೆ ಓಡಿದವಳು ದೋಣಿಕಟ್ಟೆಯ ಹತ್ತಿರ ಎಂಜಿನ್ ಸದ್ದು ಕೇಳಿ ಅತ್ತ ತಿರುಗಿದಳು. ಬಂದಿದ್ದವನು ಮೈದುನ. ದೋಣಿ ಕಟ್ಟುತ್ತಲೇ, ಅಣ್ಣ ತನ್ನ ಹಿಂದೆಯೇ ಎಲ್ಲೋ ಇದ್ದ ಎಂದ. ಆಮೇಲೆ ತಲೆಯೆತ್ತಿ, "ಅತ್ತಿಗೆ, ಇವತ್ತು ಸದ್ದೇ ಇರ್ಲಿಲ್ಲ. ಹುಷಾರಿಲ್ವಾ?" ಎಂದು ಕೇಳಿದ.

ಅವಳು ಅಲ್ಲೇ ಖಾಲಿ ಬುಟ್ಟಿಗಳ ಮೇಲೆ ಕುಸಿದಳು. ಈಗ ದಿಣ್ಣೆಗೆ ಓಡಿದರೂ, ಹತ್ತುವಷ್ಟರಲ್ಲಿ ಅವನು ಬಂಡೆಗಳ ನಡುವೆ ಇರುತ್ತಾನೆ; ಒಂದು ಜೊಂಪಿಗಾಗಿ ಗಂಡನನ್ನು ಕೊಂದುಕೊಂಡೆನೇ ಎಂದುಕೊಂಡಳು. ಅಷ್ಟು ಭಯದಲ್ಲೂ ಮೈ ಮಾತ್ರ ಮತ್ತೆ ಮಲಗಬೇಕು ಎನ್ನುತ್ತಿತ್ತು. ತನ್ನ ಮೈಯ ಬಗ್ಗೆ ಅವಳಿಗೆ ನಾಚಿಕೆಯಾಯಿತು.

ಬಹಳ ಹೊತ್ತು ಕಾಯಬೇಕಾಗಲಿಲ್ಲ. ಮಂಜಿನೊಳಗಿಂದ ಮೊದಲು ದೋಣಿಯ ಮೂತಿ, ಆಮೇಲೆ ಅವನು. ಹಗ್ಗ ಎಸೆದು, ಇಡೀ ಕೇರಿಗೆ ಕೇಳುವ ಹಾಗೆ ಕೂಗಿದ: "ಇವತ್ತು ಭಾರಿ ಚೆನ್ನಾಗಿ ಬಡಿದೆ ಕಣೇ. ನಿನ್ನ ಸದ್ದು ಹಿಡ್ಕೊಂಡೇ ಬಂದುಬಿಟ್ಟೆ."

ಮೈದುನ ಹಗ್ಗ ಹಿಡಿದವನು ಹಾಗೇ ನಿಂತ. ಅವಳಿಗೆ ಎಲ್ಲವೂ ಒಟ್ಟಿಗೆ ಹೊಳೆಯಿತು. ಅಡುಗೆಮನೆಯಿಂದ ಕರೆದರೆ ಓಗೊಡದಿದ್ದುದು, ಇತ್ತೀಚೆಗೆ ಪಕ್ಕದಲ್ಲೇ ಕೂತವರೊಡನೆಯೂ ಕಿರುಚಿ ಮಾತಾಡುತ್ತಿದ್ದುದು. ವಯಸ್ಸಾದಂತೆ ಗತ್ತು ಬಂದಿದೆ ಎಂದುಕೊಂಡಿದ್ದಳು. ಅಣ್ಣ ಸಮುದ್ರ ಬಿಟ್ಟು ಮೀನು ಇಡುವ ತನ್ನ ಮಂಜುಗಡ್ಡೆಯ ಕೋಣೆಯಲ್ಲಿ ತೂಕ ನೋಡಿಕೊಂಡಿರಲಿ ಎಂದು ಮೈದುನ ಎಷ್ಟು ಸಲ ಹೇಳಿದ್ದನೋ. ಆ ತಣ್ಣನೆಯ ಗೂಡಿಗೆ ತನ್ನ ಹೆಣವೂ ಹೋಗುವುದಿಲ್ಲ ಎಂದು ಅಣ್ಣ ಅಷ್ಟೇ ಸಲ ಹೇಳಿದ್ದ.

ಮೈದುನ ಬಗ್ಗಿ ದೋಣಿಯ ಪಕ್ಕೆ ಸವರಿದ. ತೋಳುದ್ದ ಬಣ್ಣ ಕಿತ್ತುಹೋಗಿ ಹಸಿ ಮರ ಕಾಣುತ್ತಿತ್ತು. "ಬಂಡೆಗೆ ಉಜ್ಜಿದೆ ಅತ್ತಿಗೆ," ಎಂದ ಮೆಲ್ಲಗೆ. "ನೀವೇ ಹೇಳಿ. ಬಡಿದ್ರಾ, ಇಲ್ವಾ?"

ಹೂಂ ಎಂದರೆ ಮುಗಿಯಿತು. ನಾಳೆ ಮತ್ತೆ ಅವನು ಕಡಲಿಗೆ, ಇವಳು ದಿಣ್ಣೆಗೆ. ಇಷ್ಟು ದಿನ ಭುಜ ಕಿತ್ತುಬರುವ ಹಾಗೆ ತಾನು ಬಡಿದದ್ದು ಕಿವುಡು ಗೋಡೆಗೆ ಎಂದು ನೆನೆದರೆ ಸಿಟ್ಟು ಉಕ್ಕುತ್ತಿತ್ತು. ಕಾಲಡಿಯ ಅಲೆ ಸತ್ತಿತೆಂದರೆ ಒಳಗೆ ಬಂದೆ ಎಂಬ ಅಂದಾಜಿನ ಮೇಲೆ ಬಂಡೆಗಳ ನಡುವೆ ನುಗ್ಗಿ ಬಂದು, ದಡದಲ್ಲಿ ತನ್ನನ್ನು ಹೊಗಳುತ್ತಿದ್ದ ಮುದುಕನನ್ನು ನೆನೆದರೆ ಸಿಟ್ಟು ಅಲ್ಲೇ ಕರಗುತ್ತಿತ್ತು. ಎರಡನ್ನೂ ಹೊತ್ತು ಅವಳಿಗೆ ಸಾಕಾಗಿತ್ತು.

ಅವಳು ದೋಣಿಗಿಳಿದು, ಅವನ ಮುಖಕ್ಕೆ ಮುಖ ಕೊಟ್ಟು ನಿಂತು, ಒಂದೊಂದೇ ಮಾತು ಬಿಡಿಸಿ ಹೇಳಿದಳು. "ನಾನು ಇವತ್ತು ಬಡಿದೇ ಇಲ್ಲ. ನಿದ್ದೆ ಬಂದುಬಿಟ್ಟಿತ್ತು."

ಅವನು ಅವಳ ತುಟಿಗಳನ್ನೇ ನೋಡಿದ. ತಮ್ಮನ ಕಡೆ ತಿರುಗಿದರೆ ತಮ್ಮ ನೀರು ನೋಡುತ್ತಿದ್ದ. ನಗು ಆರಿಹೋಗಿ, ಒದ್ದೆ ಬಲೆಯ ರಾಶಿಯ ಮೇಲೆ ಕೂತುಬಿಟ್ಟ. ಮಾತು ಬಂದಾಗ ಅದರಲ್ಲಿ ಕೂಗು ಇರಲಿಲ್ಲ.

"ಕೇಳಿಸದೆ ಬಹಳ ದಿನ ಆಯ್ತು. ನೀನು ಅಲ್ಲಿ ನಿಂತಿರ್ತೀಯ ಅನ್ನೋ ಧೈರ್ಯದ ಮೇಲೆ ಒಳಗೆ ಬರ್ತಿದ್ದೆ."

ಆಮೇಲೆ ಅವಳ ತುಟಿಗಳ ಮೇಲೆ ಕಣ್ಣು ನೆಟ್ಟು ಕೇಳಿದ:

"ನಿನ್ನೆ ಬಡಿದಿದ್ಯಾ?"